ಮುಂಜಿಯೂ ಮೈಶುದ್ಧಿಯೂ

ಕನ್ನಡದಲ್ಲಿ ‘ಮುಂಜಿ’ ಎಂಬುದೊಂದು ಶಬ್ದವುಂಟು. ಅದರ ಮೂಲ ಸಂಸ್ಕೃತದ ‘ಮೌಂಜೀ’. ಮುಂಜವೆಂಬ ಹುಲ್ಲಿನಿಂದ ಹೊಸೆದ ಉಡಿದಾರವೆಂದು ಅರ್ಥ. ಉಪನಯನದ ದಿನ ವಟುವಿನ ನಡುವಿಗೆ ಅದನ್ನು ಕಟ್ಟುವುದರಿಂದ ಉಪನಯನವೇ ಮುಂಜಿಯೆನಿಸಿಕೊಂಡಿತು. ಆದರೆ ಕನ್ನಡಿಗರು ಈ ಶಬ್ದವನ್ನು ಒಂದೇ ಜಾತಿಯ ಸೊತ್ತಾಗಿ ಉಳಿಯಗೊಡಲಿಲ್ಲ. ಮುಸಲ್ಮಾನರ ಮನೆಯ ಹುಡುಗನಿಗೆ ಸುನ್ನತಿಯಾದಾಗಲೂ ‘ಮುಂಜಿಯಾಯಿತು’ ಎಂದೇ ಹೇಳಿದರು. ಹುಲ್ಲಿನ ಉಡಿದಾರಕ್ಕೂ ಕ್ಷೌರಿಕನ ಕತ್ತಿಗೂ ಏನು ಸಂಬಂಧವೆಂದು ಯಾವ ವೈಯಾಕರಣನೂ ಕೇಳಲಿಲ್ಲ. ಎರಡು ಮನೆಗಳಲ್ಲಿಯೂ ಒಬ್ಬ ಬಾಲಕನನ್ನು ಅವನ ಹಿರಿಯರ ದಾರಿಗೆ ಹಚ್ಚುವ ಕಾರ್ಯ ನಡೆಯುತ್ತಿದೆ ಎಂಬುದನ್ನು ನಮ್ಮ ಜನ ಒಂದೇ ನೋಟಕ್ಕೆ ಕಂಡುಕೊಂಡರು. ಭಾಷೆ ಕೆಲವೊಮ್ಮೆ ಅದನ್ನಾಡುವವರಿಗಿಂತ ಹೆಚ್ಚು ಉದಾರವಾಗಿರುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ಎರಡು ಬಗೆಯ ಮುಂಜಿಗಳೂ ತಲೆತಲಾಂತರದಿಂದ ನಡೆಯುತ್ತ ಬಂದಿವೆ. ತೋಟದ ಮನೆಯ ಅಂಗಳದಲ್ಲಿ ಚಪ್ಪರ ಹಾಕಿ, ಹುಡುಗನ ತಲೆ ಬೋಳಿಸಿ, ತಾಯಿಯೊಡನೆ ಕೊನೆಯ ತುತ್ತು ಉಣ್ಣಿಸಿ, ‘ಭವತಿ ಭಿಕ್ಷಾಂ ದೇಹಿ’ ಎನ್ನಿಸುವುದು ಒಂದು. ಪೇಟೆಯ ಮನೆಯಲ್ಲಿ ಹುಡುಗನಿಗೆ ಹೊಸ ಅಂಗಿ ತೊಡಿಸಿ, ಕೊರಳಿಗೆ ಹೂವಿನ ಹಾರ ಹಾಕಿ, ನೆಂಟರಿಷ್ಟರಿಗೆ ಊಟವಿಕ್ಕುವುದು ಇನ್ನೊಂದು. ಇವುಗಳಲ್ಲಿ ಎರಡನೆಯದರ ವಿಷಯವಾಗಿ ಈ ದಿನ ನಾಲ್ಕು ಮಾತು ಹೇಳಬೇಕಾಗಿದೆ. ಸಾಹಿತ್ಯದ ಪುಟದಲ್ಲಿ ಇಂಥ ವಿಷಯವೇ ಎಂದು ಹುಬ್ಬು ಗಂಟಿಕ್ಕುವ ವಾಚಕರು ಇದ್ದಾರು. ಅವರ ಆ ಹುಬ್ಬೇ ಈ ಲೇಖನಕ್ಕೆ ಕಾರಣವೆಂದು ವಿನಯಪೂರ್ವಕವಾಗಿ ಅರಿಕೆ ಮಾಡುತ್ತೇನೆ.

ಸುನ್ನತಿಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಇದು ಶುದ್ಧ ವೈಜ್ಞಾನಿಕವಾದ ಪದ್ಧತಿ, ಇದನ್ನು ಮಾಡಿಸಿಕೊಂಡವರಿಗೆ ಗುಹ್ಯರೋಗಗಳು ತಟ್ಟುವುದಿಲ್ಲ ಎನ್ನುತ್ತಾರೆ ಕೆಲವರು. ಇದು ಮರುಭೂಮಿಯಲ್ಲಿ ನೀರಿಲ್ಲದವರು ಮಾಡಿಕೊಂಡ ಉಪಾಯ, ನಮಗೆ ಇದರ ಗೊಡವೆ ಏಕೆ ಎನ್ನುತ್ತಾರೆ ಮತ್ತೆ ಕೆಲವರು. ಒಂದರಲ್ಲಿ ಅಭಿಮಾನವಿದೆ, ಇನ್ನೊಂದರಲ್ಲಿ ತಾತ್ಸಾರವಿದೆ. ವಿಚಾರ ಎರಡರಲ್ಲಿಯೂ ಕಡಿಮೆ. ಜನಿವಾರದಲ್ಲಿ ವಿದ್ಯುಚ್ಛಕ್ತಿಯನ್ನು ಕಾಣುವ ನಮ್ಮ ಪಂಡಿತರೂ ಸುನ್ನತಿಯಲ್ಲಿ ಸರ್ವರೋಗನಿವಾರಣೆಯನ್ನು ಕಾಣುವ ಅವರ ಪಂಡಿತರೂ ಒಂದೇ ದೋಣಿಯಲ್ಲಿ ಕುಳಿತವರು. ತಮ್ಮ ಆಚಾರಕ್ಕೆ ಡಾಕ್ಟರರ ಸರ್ಟಿಫಿಕೇಟು ಸಿಕ್ಕದಿದ್ದರೆ ಅದರ ಮಾನ ಹೋದೀತೆಂಬ ಭಯ ಇಬ್ಬರಿಗೂ ಇದೆ.

ಮರುಭೂಮಿಯ ವಾದವನ್ನು ಮೊದಲು ಮುಗಿಸಿಬಿಡೋಣ. ಯಹೂದ್ಯರು ಅಬ್ರಹಾಮನ ಒಡಂಬಡಿಕೆಯ ಗುರುತಾಗಿ ಮಗುವಿಗೆ ಎಂಟನೆಯ ದಿನ ಇದನ್ನು ಮಾಡಿಸುತ್ತಾರೆ. ಅವರಿಗಿಂತ ಮೊದಲೇ, ನೈಲ್ ನದಿಯ ದಂಡೆಯಲ್ಲಿ ನೀರಿಗೆ ಬರವಿಲ್ಲದ ಈಜಿಪ್ಟಿನವರು ಇದನ್ನು ಗೋರಿಯ ಗೋಡೆಯ ಮೇಲೆ ಕೆತ್ತಿಟ್ಟಿದ್ದಾರೆ. ಕುರಾನಿನಲ್ಲಿ ಇದರ ಪ್ರಸ್ತಾಪವಿಲ್ಲ. ಹದೀಸುಗಳಲ್ಲಿ ಉಗುರು ಕತ್ತರಿಸುವುದು, ಮೀಸೆ ಕತ್ತರಿಸುವುದು ಮೊದಲಾದ ಸಹಜ ಶುದ್ಧಿಗಳ ಸಾಲಿನಲ್ಲಿ ಇದನ್ನು ಹೇಳಿದೆ. ಘಟ್ಟದ ಕೆಳಗೆ ಭಟ್ಕಳದ ನವಾಯತರು ಅನುಸರಿಸುವ ಶಾಫಿ ಪಂಥದಲ್ಲಿ ಇದು ಕಡ್ಡಾಯ. ಘಟ್ಟದ ಮೇಲೆ ಹೆಚ್ಚಾಗಿರುವ ಹನಫಿಗಳಲ್ಲಿ ಇದು ಸುನ್ನತ್, ಎಂದರೆ ಪ್ರವಾದಿಯವರ ನಡೆಯನ್ನು ಅನುಸರಿಸುವ ಆಚಾರ. ಇವರಾರೂ ನೀರಿನ ಲೆಕ್ಕ ಹಾಕಿದವರಲ್ಲ. ಯಲ್ಲಾಪುರದ ಕಡೆಯ ಸಿದ್ದಿಗಳನ್ನೇ ನೋಡಿರಿ. ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆ ಪಡೆದೋ ಈ ಕಾಡನ್ನು ಸೇರಿದ ಆಫ್ರಿಕೆಯ ಮೂಲದ ಜನ ಅವರು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ರಕ್ತ ಒಂದು, ಕಾಡು ಒಂದು, ನೂರಿಂಚಿನ ಆಸುಪಾಸು ಸುರಿಯುವ ಮಳೆಯೂ ಒಂದು. ತಮ್ಮ ಹಿರಿಯರನ್ನು ನೆನೆದು ಮಾಡುವ ಪೂಜೆಯಲ್ಲಿಯೂ ಬಹಳ ಹೋಲಿಕೆ. ಆದರೂ ಮುಸಲ್ಮಾನ ಸಿದ್ದಿಯ ಮನೆಯಲ್ಲಿ ಸುನ್ನತಿ ನಡೆಯುತ್ತದೆ, ಹಿಂದೂ ಸಿದ್ದಿಯ ಮನೆಯಲ್ಲಿ ನಡೆಯುವುದಿಲ್ಲ. ಆಚಾರವು ಹವೆಯನ್ನು ನೋಡಿ ಬರುವುದಿಲ್ಲ, ನಂಬಿಕೆಯನ್ನು ನೋಡಿ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಇನ್ನು ವೈದ್ಯಶಾಸ್ತ್ರದ ಮಾತು. ಇಲ್ಲಿ ಸ್ವಲ್ಪ ಸಾವಕಾಶವಾಗಿ ನಡೆಯಬೇಕಾಗುತ್ತದೆ. ಏಕೆಂದರೆ ಅಭಿಮಾನದ ಮಾತಿನಲ್ಲಿ ಅರೆಪಾಲು ಸತ್ಯವಿದೆ, ಅರೆಪಾಲು ಸತ್ಯವೇ ಹೆಚ್ಚು ಅಪಾಯಕಾರಿ.

ಸಿದ್ದಿಗಳ ಮೂಲಭೂಮಿಯಾದ ಆಫ್ರಿಕೆಯಲ್ಲಿಯೇ, 2002ರಿಂದ 2006ರವರೆಗೆ, ಮೂರು ದೊಡ್ಡ ಪ್ರಯೋಗಗಳು ನಡೆದವು: ದಕ್ಷಿಣ ಆಫ್ರಿಕೆಯ ಆರೆಂಜ್ ಫಾರ್ಮಿನಲ್ಲಿ, ಕೀನ್ಯದ ಕಿಸುಮುವಿನಲ್ಲಿ, ಉಗಾಂಡದ ರಾಕಾಯಿಯಲ್ಲಿ. ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಗಂಡಸರು ಇವುಗಳಲ್ಲಿ ಭಾಗವಹಿಸಿದರು. ಅವರಲ್ಲಿ ಅರ್ಧ ಜನಕ್ಕೆ ಕೂಡಲೆ ಶಸ್ತ್ರಕ್ರಿಯೆ ಮಾಡಿ, ಉಳಿದವರನ್ನು ಕಾಯಿಸಿ, ಎರಡೂ ಗುಂಪಿನವರಿಗೆ ಒಂದೇ ಬಗೆಯ ತಿಳಿವಳಿಕೆ ಕೊಟ್ಟು, ಯಾರಿಗೆ ಎಚ್‌ಐವಿ ಸೋಂಕು ತಗಲುತ್ತದೆಂದು ನೋಡಿದರು. ಸುನ್ನತಿಯಾದವರಿಗೆ ಹೆಂಗಸರಿಂದ ಸೋಂಕು ತಗಲುವ ಸಂಭವ ನೂರಕ್ಕೆ 50ರಿಂದ 60ರಷ್ಟು ಕಡಿಮೆಯೆಂದು ಮೂರೂ ಕಡೆ ತಿಳಿಯಿತು. ಉಳಿದವರನ್ನು ಇನ್ನೂ ಕಾಯಿಸುವುದು ನ್ಯಾಯವಲ್ಲವೆಂದು ಪ್ರಯೋಗಗಳನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಕಾರಣವೂ ಊಹೆಗೆ ನಿಲುಕುವಂಥದು. ಮುಂದೊಗಲಿನ ಒಳಮೈ ತೆಳುವಾದುದು. ವೈರಾಣು ಹಿಡಿದುಕೊಳ್ಳುವ ಜೀವಕೋಶಗಳು ಅಲ್ಲಿ ದಟ್ಟವಾಗಿವೆ. 2007ರ ಮಾರ್ಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿತು. ಆದರೆ ಎಲ್ಲಿಗೆ? ಎಚ್‌ಐವಿ ಕಾಳ್ಗಿಚ್ಚಿನಂತೆ ಹಬ್ಬಿದ್ದ ಪೂರ್ವ ಮತ್ತು ದಕ್ಷಿಣ ಆಫ್ರಿಕೆಯ ದೇಶಗಳಿಗೆ. ವಯಸ್ಕರಲ್ಲಿ ನೂರಕ್ಕೆ 0.2ರ ಆಸುಪಾಸಿನಲ್ಲಿ ಸೋಂಕಿರುವ ಭಾರತಕ್ಕೆ ಈ ಸಲಹೆಯಿಲ್ಲ. ಸಲಹೆಯಿತ್ತಲ್ಲಿಯೂ, ಇದು ಭಾಗಶಃ ರಕ್ಷಣೆಯೇ ಹೊರತು ಪೂರ್ಣ ಕವಚವಲ್ಲ, ಕಾಂಡೋಮನ್ನು ಬಿಡತಕ್ಕದ್ದಲ್ಲ ಎಂದು ಒತ್ತಿ ಹೇಳಿತ್ತು.

ನಮ್ಮ ನೆರೆಯ ಪುಣೆಯ ಒಂದು ಅಧ್ಯಯನ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ಅಲ್ಲಿನ ಗುಹ್ಯರೋಗ ಚಿಕಿತ್ಸಾಲಯಗಳಿಗೆ 1993ರಿಂದ 2000ದವರೆಗೆ ಬಂದವರಲ್ಲಿ ಎಚ್‌ಐವಿ ಇಲ್ಲದ 2298 ಗಂಡಸರನ್ನು ಗಮನಿಸುತ್ತ ಹೋದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಸುನ್ನತಿಯಾದವರಲ್ಲಿ ಎಚ್‌ಐವಿ ತೀರ ಕಡಿಮೆ. ಆದರೆ ಸಿಫಿಲಿಸ್, ಗನೋರಿಯಾ, ಹರ್ಪಿಸ್‌ಗಳ ವಿಷಯದಲ್ಲಿ ಅವರಿಗೂ ಇತರರಿಗೂ ಭೇದವೇ ಕಾಣಲಿಲ್ಲ! ಉಗಾಂಡದ ಪ್ರಯೋಗದಲ್ಲಿ ಹರ್ಪಿಸ್ ಮತ್ತು ಎಚ್‌ಪಿವಿ ವೈರಾಣುಗಳು ಸ್ವಲ್ಪಮಟ್ಟಿಗೆ ಕಡಿಮೆಯಾದುವು, ಸಿಫಿಲಿಸ್ ಅಲ್ಲಿಯೂ ಜಗ್ಗಲಿಲ್ಲ. ಆದುದರಿಂದ ‘ನಮಗೆ ಯಾವುದೂ ತಟ್ಟುವುದಿಲ್ಲ’ ಎಂದು ಎದೆ ತಟ್ಟಿಕೊಳ್ಳುವ ತರುಣ ತನ್ನ ಮೈಗೂ ತನ್ನ ಕೈಹಿಡಿದವಳ ಮೈಗೂ ಅನ್ಯಾಯ ಮಾಡುತ್ತಿದ್ದಾನೆ.

ಕೈಹಿಡಿದವಳ ಮಾತು ಬಂತು. ಅದನ್ನು ಹಾಗೆಯೇ ದಾಟಿ ಹೋಗಲಾಗದು. ರಾಕಾಯಿಯಲ್ಲಿ ಮತ್ತೊಂದು ಪ್ರಯೋಗವಾಯಿತು. ಆಗಲೇ ಸೋಂಕಿದ್ದ ಗಂಡಸರಿಗೆ ಸುನ್ನತಿ ಮಾಡಿದರೆ ಅವರ ಹೆಂಡಂದಿರಿಗೆ ರಕ್ಷಣೆ ದೊರೆಯುವುದೇ ಎಂದು ನೋಡಿದರು. 2009ರಲ್ಲಿ ಬಂದ ಉತ್ತರ, ಇಲ್ಲ ಎಂದು. ಗಾಯ ಮಾಯುವ ಮೊದಲೇ ಕೂಡಿದ ದಂಪತಿಗಳಲ್ಲಿ ಹೆಂಗಸಿಗೆ ಅಪಾಯ ಹೆಚ್ಚೇ ಆಗುವಂತೆ ತೋರಿತು. ಗಂಡಸಿನ ಮೈಮೇಲಣ ಒಂದು ಕತ್ತರಿಯ ಕೆಲಸವು ಹೆಂಗಸನ್ನು ನೇರವಾಗಿ ಕಾಯುವುದಿಲ್ಲ. ಆದರೂ ಈ ಚರ್ಚೆಯಲ್ಲಿ ಹೆಂಗಸರನ್ನು ಕೇಳುವವರು ವಿರಳ. ಕೇಳಿದ ಒಂದು ಸಂದರ್ಭ ನಮ್ಮ ಕರ್ನಾಟಕದಲ್ಲಿಯೇ ಇದೆಯೆಂಬುದು ಸಂತೋಷದ ಸಂಗತಿ. 2007ರಲ್ಲಿ ಮೈಸೂರಿನಲ್ಲಿ ಗಂಡುಮಕ್ಕಳ ತಾಯಂದಿರಾದ 795 ಮಂದಿಯನ್ನು ಸಂಶೋಧಕರು ಸಂದರ್ಶಿಸಿದರು, ಬಹುಪಾಲು ಹಿಂದೂಗಳು. ಶಸ್ತ್ರಕ್ರಿಯೆಯ ಲಾಭ ನಷ್ಟಗಳನ್ನು ತಿಳಿಸಿ ಹೇಳಿ, ಆಸ್ಪತ್ರೆಯಲ್ಲಿ ಸುರಕ್ಷಿತವಾಗಿ, ಖರ್ಚಿಲ್ಲದೆ ಮಾಡುವುದಾದರೆ ಮಗನಿಗೆ ಮಾಡಿಸುವಿರಾ ಎಂದಾಗ, ಸುನ್ನತಿಯ ಪದ್ಧತಿಯಿಲ್ಲದ ತಾಯಂದಿರಲ್ಲಿ ಐವರಲ್ಲಿ ನಾಲ್ವರಷ್ಟು ಹೂಂ ಎಂದರು. ಮತಾಂಧತೆಯ ಬಗ್ಗೆ ದಿನವೂ ಭಾಷಣ ಬಿಗಿಯುವ ನಮ್ಮ ಮುಂದಾಳುಗಳಿಗೆ ಇದು ಆಶ್ಚರ್ಯವನ್ನುಂಟುಮಾಡೀತು. ನನಗೆ ಮಾಡಲಿಲ್ಲ. ಮಗುವಿಗೆ ಒಳ್ಳೆಯದೆಂದರೆ ತಾಯಿ ಯಾರ ಮನೆಯ ಮದ್ದನ್ನಾದರೂ ಅರೆದು ಕುಡಿಸುತ್ತಾಳೆ. ದರ್ಗಾದ ತಾಯಿತವನ್ನೂ ಕಟ್ಟುತ್ತಾಳೆ, ಮಾರಿಕಾಂಬೆಗೆ ಹರಕೆಯನ್ನೂ ಹೊರುತ್ತಾಳೆ.

ಹಾಗೆಂದು ನಮ್ಮ ಊರುಗಳಲ್ಲಿ ಎಲ್ಲರಿಗೂ ಇದನ್ನು ಮಾಡಿಸಬೇಕೆಂದು ನಾನು ಹೇಳುವವನಲ್ಲ. ರೋಗ ವಿರಳವಾಗಿರುವಲ್ಲಿ ಆರೋಗ್ಯವಂತನಾದ ಕೂಸಿನ ಮೈಗೆ ಕತ್ತಿ ತಗಲಿಸಲು ವೈದ್ಯಕೀಯ ಕಾರಣ ಸಾಲದು. ಮತದ ಕಾರಣವಿದ್ದವರು ಮಾಡಿಸಲಿ. ಅವರಲ್ಲಿ ಕೇಳಿಕೊಳ್ಳುವುದಿಷ್ಟೇ, ಕತ್ತಿ ಆಸ್ಪತ್ರೆಯದಾಗಿರಲಿ. ಒಂದೇ ಅಲಗಿನಿಂದ ಒಂದು ದಿನದಲ್ಲಿ ಹಲವು ಮಕ್ಕಳಿಗೆ ಮುಂಜಿ ಮಾಡಿ, ಬೂದಿಯನ್ನು ಮೆತ್ತಿ ಕಳಿಸುವ ಕಾಲ ಹೋಗಬೇಕು. ರೋಗವನ್ನು ತಡೆಯುತ್ತದೆಂದು ಹೊಗಳಿಸಿಕೊಂಡ ಕಾರ್ಯವೇ ರೋಗವನ್ನು ಹೊತ್ತು ತಂದರೆ ಅದಕ್ಕಿಂತ ದೊಡ್ಡ ವಿಡಂಬನೆ ಯಾವುದು? ಶಿರಸಿಯ ಮುಸಲ್ಮಾನ ಮನೆತನಗಳಲ್ಲಿ ಅನೇಕರು ಈಗ ವೈದ್ಯರಲ್ಲಿಗೇ ಹೋಗುತ್ತಾರೆ. ಆಚಾರಕ್ಕೆ ಅದರಿಂದ ಕುಂದೇನೂ ಬಂದಿಲ್ಲ.

ಈಗ ಮುಂದೊಗಲನ್ನು ಉಳಿಸಿಕೊಂಡವರ ಕಡೆಗೆ ತಿರುಗೋಣ. ಮಡಿಯ ನಾಡಿದು. ಹಂಡೆಯ ಬಿಸಿನೀರು, ಅಂಟುವಾಳದ ನೊರೆ, ಬಾವಿಕಟ್ಟೆಯ ತಣ್ಣೀರು ಇವುಗಳ ನಡುವೆ ಬೆಳೆದ ನಮಗೆ ಮೈ ತೊಳೆಯುವುದನ್ನು ಯಾರೂ ಕಲಿಸಬೇಕಾಗಿಲ್ಲವೆಂದು ನಮ್ಮ ಭಾವನೆ. ಆದರೆ ಮಡಿಯೆಂಬುದು ಮುಟ್ಟುವುದರ ಲೆಕ್ಕ, ತೊಳೆಯುವುದರ ಲೆಕ್ಕವಲ್ಲ. ಮಡಿಪಂಚೆಯುಟ್ಟು ದೇವರ ಮುಂದೆ ಕುಳಿತವನ ಮುಂದೊಗಲಿನ ಒಳಗೆ ವಾರಗಟ್ಟಲೆಯ ಬಿಳಿಯ ಜಿಡ್ಡು ಕೂತಿರಬಹುದು. ಅದು ಮಡಿಗೆ ಭಂಗವಲ್ಲ! ಕಾರಣ, ಅಲ್ಲಿಯೂ ತೊಳೆಯಬೇಕೆಂದು ತಂದೆ ಮಗನಿಗೆ ಹೇಳಿರುವುದಿಲ್ಲ. ತಂದೆಗೆ ಅವನ ತಂದೆ ಹೇಳಿರಲಿಲ್ಲ.

ಹೇಳಬೇಕಾದುದು ಬಹಳವಿಲ್ಲ. ಎಳೆಯ ಮಗುವಿನಲ್ಲಿ ಮುಂದೊಗಲು ಒಳಗಿನ ಮೈಗೆ ಅಂಟಿಕೊಂಡೇ ಇರುತ್ತದೆ. ಇದು ರೋಗವಲ್ಲ, ಸೃಷ್ಟಿಕ್ರಮ. 1949ರಲ್ಲಿ ಡಗ್ಲಸ್ ಗೇರ್ಡ್ನರ್ ಎಂಬ ಆಂಗ್ಲ ವೈದ್ಯ ಇದನ್ನು ತೋರಿಸಿಕೊಟ್ಟು, ಶುಚಿಯ ಹೆಸರಿನಲ್ಲಿ ಮಾಡುವ ಶಸ್ತ್ರಕ್ರಿಯೆಯಿಂದ ಅವನ ದೇಶದಲ್ಲಿ ವರ್ಷಕ್ಕೆ ಹದಿನಾರರಷ್ಟು ಮಕ್ಕಳು ಸಾಯುತ್ತಿದ್ದಾರೆಂದು ಬರೆದ ಮೇಲೆ, ಅಲ್ಲಿನ ಸಿರಿವಂತರಲ್ಲಿ ಹಬ್ಬಿದ್ದ ಆ ಷೋಕಿ ಇಳಿದುಹೋಯಿತು. ಮುಂದೆ 1968ರಲ್ಲಿ ಡೆನ್ಮಾರ್ಕಿನ ಎಸ್ಟರ್ ಎಂಬವನು ಶಾಲೆಯ ಹುಡುಗರನ್ನು ವರ್ಷಾನುವರ್ಷ ಪರೀಕ್ಷಿಸಿ, ಹದಿನೇಳರ ಹೊತ್ತಿಗೆ ನೂರರಲ್ಲಿ ಒಬ್ಬನಿಗೆ ಮಾತ್ರ ಬಿಗಿತ ಉಳಿಯುತ್ತದೆಂದು ಕಂಡುಕೊಂಡನು. ಆದ್ದರಿಂದ ಅಜ್ಜಿಯಂದಿರು ಎಣ್ಣೆ ಹಚ್ಚಿ ಕೂಸಿನ ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆ ಎಳೆಯುವುದು ಬೇಡ. ಎಳೆದರೆ ಹರಿದು, ಮಾಯ್ದು, ನಿಜವಾದ ಬಿಗಿತ ಉಂಟಾದೀತು. ಅದು ತಾನಾಗಿ ಸಡಿಲಾದ ಮೇಲೆ ಹುಡುಗನೇ ದಿನವೂ ಹಿಂದೆ ಸರಿಸಿ, ಬರಿಯ ನೀರಿನಲ್ಲಿ ತೊಳೆದು, ಒರೆಸಿ, ಮತ್ತೆ ಮುಂದೆ ತರಬೇಕು. ಮುಂದೆ ತರುವುದನ್ನು ಮರೆತರೆ ಅದು ಉಂಗುರದಂತೆ ಬಿಗಿದು ಊದಿಕೊಳ್ಳುವುದುಂಟು; ಆಗ ನಾಚದೆ ಕೂಡಲೆ ಆಸ್ಪತ್ರೆಗೆ ಓಡಬೇಕು. ನಡುವಯಸ್ಸಿನವರಲ್ಲಿ ಮುಂದೊಗಲು ಪದೇಪದೇ ಬಿರಿದು ಉರಿಯುತ್ತಿದ್ದರೆ ಮೊದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ಎಷ್ಟೋ ಜನರಿಗೆ ಮಧುಮೇಹದ ಮೊದಲ ಸೂಚನೆ ಇದೇ.

ಇವು ಪಾಶ್ಚಾತ್ಯರು ಕಂಡುಹಿಡಿದ ಸಂಗತಿಗಳೆಂದು ತಿಳಿಯಬೇಡಿರಿ. ಸುಶ್ರುತನು ಮುಂದೊಗಲಿನ ಬಿಗಿತವನ್ನು ‘ನಿರುದ್ಧಪ್ರಕಶ’ವೆಂದೂ ಉಂಗುರದಂತೆ ಸಿಕ್ಕಿಕೊಳ್ಳುವುದನ್ನು ‘ಪರಿವರ್ತಿಕಾ’ ಎಂದೂ ಕರೆದಿದ್ದಾನೆ. ಬಿಗಿತಕ್ಕೆ ಲೋಹದ, ಮರದ, ಇಲ್ಲವೆ ಅರಗಿನ ಕೊಳವೆಗೆ ತುಪ್ಪ ಸವರಿ, ಮೂರು ಮೂರು ದಿನಕ್ಕೊಮ್ಮೆ ಹೆಚ್ಚು ದಪ್ಪನೆಯದನ್ನು ಇಟ್ಟು ಸಡಿಲಿಸಬೇಕೆನ್ನುತ್ತಾನೆ. ಅದರಿಂದಾಗದಿದ್ದರೆ ಕೆಳಗಿನ ಹೊಲಿಗೆಯಂಥ ಗೆರೆಯನ್ನು ತಪ್ಪಿಸಿ ಸೀಳಬೇಕೆನ್ನುತ್ತಾನೆ. ಸ್ಮೃತಿಕಾರರೂ ಈ ವಿಷಯದಲ್ಲಿ ನಮ್ಮಷ್ಟು ನಾಚಿಕೆಯವರಲ್ಲ. ಲಿಂಗಕ್ಕೆ ಎಷ್ಟು ಸಲ ಮಣ್ಣು ಹಚ್ಚಿ ತೊಳೆಯಬೇಕು, ಗುದಕ್ಕೆ ಎಷ್ಟು, ಎಡಗೈಗೆ ಎಷ್ಟು ಎಂದು ಮನು ಎಣಿಸಿ ಹೇಳಿದ್ದಾನೆ. ಗೃಹಸ್ಥನಿಗಿಂತ ಬ್ರಹ್ಮಚಾರಿಗೆ ಇಮ್ಮಡಿ ಎಂದಿದ್ದಾನೆ. ಎಂದರೆ ಮುಂಜಿಯಾದ ಹುಡುಗನಿಗೆ ಗಾಯತ್ರಿಯೊಡನೆ ಈ ಪಾಠವೂ ಆಗುತ್ತಿತ್ತು. ಮುಸಲ್ಮಾನರ ‘ಇಸ್ತಿಂಜಾ’ ವಿಧಿಯೂ ಅಷ್ಟೇ ಬಿಚ್ಚುಮನದ್ದು. ಈ ಎರಡು ಸಂಪ್ರದಾಯಗಳೂ ಮೈಯ ಭಾಗಗಳನ್ನು ಅವುಗಳ ಹೆಸರಿನಿಂದ ಕರೆದುವು. ನಾಚಿಕೆ ನಮಗೆ ಬಂದದ್ದು ವಿಕ್ಟೋರಿಯಾ ರಾಣಿಯ ಕಾಲದ ಶಾಲೆಗಳಿಂದ ಎಂದು ನನ್ನ ಗುಮಾನಿ. ಗಾಯತ್ರಿ ಉಳಿಯಿತು, ಮಣ್ಣಿನ ಲೆಕ್ಕ ಹೋಯಿತು. ಹೋದುದಕ್ಕೆ ಪ್ರತಿಯಾಗಿ ಏನೂ ಬರಲಿಲ್ಲ.

ನಾಚಿಕೆಯಿದ್ದಲ್ಲಿ ರೋಗಕ್ಕೆ ಪರರ ಹೆಸರಿಡುವುದೂ ಇರುತ್ತದೆ. ಸಿಫಿಲಿಸ್ಸನ್ನು ಇಟಲಿಯವರು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನ ರೋಗವೆಂದರು. ನಮ್ಮಲ್ಲಿ ಹದಿನಾರನೆಯ ಶತಮಾನದ ಭಾವಮಿಶ್ರನು ‘ಫಿರಂಗ’ವೆಂದನು, ಕನ್ನಡದಲ್ಲಿ ಅದು ಪರಂಗಿ ಹುಣ್ಣಾಯಿತು, ಅದಕ್ಕೆ ಕೊಡುತ್ತಿದ್ದ ಬೇರು ಪರಂಗಿ ಚಕ್ಕೆಯಾಯಿತು. ಪರಂಗಿಯವರು ಹೋಗಿ ಎಷ್ಟೋ ಕಾಲವಾಯಿತು, ಹುಣ್ಣು ಹೋಗಲಿಲ್ಲ. ಇಂದು ಅದಕ್ಕೆ ಪೆನಿಸಿಲಿನ್ ಇದೆ. ಮೊದಲ ಹಂತದಲ್ಲಿ ಒಂದೇ ಸೂಜಿಯಿಂದ ವಾಸಿಯಾಗುವ ರೋಗ. ಆದರೆ ಆ ಹುಣ್ಣು ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಗುಣವಾಯಿತೆಂದು ಮನುಷ್ಯ ಸುಮ್ಮನಾಗುತ್ತಾನೆ, ವಿಷ ಒಳಗೆ ಇಳಿದಿರುತ್ತದೆ. ಗೋವೆಗೋ ಬೆಂಗಳೂರಿಗೋ ದುಡಿಯಲು ಹೋಗಿ ಹಬ್ಬಕ್ಕೆ ಮನೆಗೆ ಬಂದವನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ; ಹೆಂಡತಿ ಬಸುರಿಯಾಗಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯಾದಾಗ ಬಯಲಾಗುತ್ತದೆ. ಆಗ ದೂರು ಯಾರ ಮೇಲೆ ಬೀಳುತ್ತದೆಂಬುದನ್ನು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರಿಗೆ ಮದ್ದು ಕೊಟ್ಟು ಇನ್ನೊಬ್ಬರನ್ನು ಬಿಟ್ಟರೆ ರೋಗ ಆಚೆ ಮನೆಯಿಂದ ಈಚೆ ಮನೆಗೆ ನೆಂಟರಂತೆ ಹೋಗಿ ಬರುತ್ತದೆ. ಆದುದರಿಂದ ಚಿಕಿತ್ಸೆ ಇಬ್ಬರಿಗೂ ಒಟ್ಟಿಗೇ ಆಗಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆಗೂ ಚಿಕಿತ್ಸೆಗೂ ಹಣವಿಲ್ಲ. ರೋಗಿಯ ಗುಟ್ಟನ್ನು ಕಾಯಬೇಕೆಂದು 2017ರ ಕಾಯಿದೆಯೇ ಇದೆ.

ನಮ್ಮ ಸೀಮೆಯ ಅಡಿಕೆ ಬೆಳೆಗಾರನು ಕೊಳೆರೋಗದ ವಿಷಯದಲ್ಲಿ ಎಷ್ಟು ಜಾಣ! ಮಳೆ ಹಿಡಿಯುವ ಮೊದಲೇ ಮೈಲುತುತ್ತ ಸುಣ್ಣ ಕಲಸಿ ಹೊಡೆಸುತ್ತಾನೆ. ಹಿಂದೆ ಒಂದೊಂದು ಕೊನೆಗೂ ಕೊಟ್ಟೆ ಕಟ್ಟಿಸುತ್ತಿದ್ದನು. ಕೊಟ್ಟೆ ಕಟ್ಟಿದವನನ್ನು ಕಂಡು ಯಾರೂ ನಗಲಿಲ್ಲ, ನಿನ್ನ ತೋಟದಲ್ಲಿ ರೋಗವಿದೆಯೇ ಎಂದು ಹಂಗಿಸಲಿಲ್ಲ. ಅದೇ ಬೆಳೆಗಾರನ ಮಗ ಔಷಧದ ಅಂಗಡಿಯಲ್ಲಿ ಕಾಂಡೋಮು ಕೇಳಬೇಕಾದರೆ ಗಿರಾಕಿಗಳೆಲ್ಲ ಕರಗುವವರೆಗೆ ಕಾಯುತ್ತಾನೆ. ಎಷ್ಟೋ ಸಲ ಕಾಯ್ದು ಕಾಯ್ದು, ನೆಗಡಿಯ ಗುಳಿಗೆಯನ್ನು ಕೊಂಡು ಮರಳುತ್ತಾನೆ.

ಉಪಾಧ್ಯಾಯರಲ್ಲಿ ಒಂದು ಅರಿಕೆಯಿದೆ. 2007ರಲ್ಲಿ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಬೇಡವೆಂದು ಹಲವು ರಾಜ್ಯಗಳು ಕೈಬಿಟ್ಟುವು. ನಮ್ಮ ಕರ್ನಾಟಕವೂ ಅವುಗಳಲ್ಲೊಂದು. ಸಂಸ್ಕೃತಿ ಕೆಡುತ್ತದೆಂಬುದು ಆಗಿನ ಆಕ್ಷೇಪ. ಸುಶ್ರುತನನ್ನೂ ಮನುವನ್ನೂ ಪಡೆದ ಸಂಸ್ಕೃತಿ ಒಂದು ಪಾಠದಿಂದ ಕೆಡುವಷ್ಟು ಬಡಕಲಾದುದೆಂದು ಅವರೇಕೆ ಎಣಿಸಿದರೋ ತಿಳಿಯದು. ಅದೇನೇ ಇರಲಿ, ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವಿದೆ. ಅದರ ಕೊನೆಯ ಪುಟಗಳಲ್ಲಿ ಗನೋರಿಯಾ, ಸಿಫಿಲಿಸ್, ಎಚ್‌ಐವಿ, ಕಾಂಡೋಮು ಎಲ್ಲದರ ಹೆಸರೂ ಅಚ್ಚಾಗಿವೆ. ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಆ ಪುಟಗಳನ್ನು ಮಗುಚುವ ರೂಢಿ ಬಹಳ ಕಡೆ ಇದೆ. ಸಿದ್ದಾಪುರದ ಹುಡುಗನೂ ಯಲ್ಲಾಪುರದ ಹುಡುಗಿಯೂ ಅದನ್ನು ಮನೆಯಲ್ಲಿ ಯಾರ ಮುಂದೆ ಓದಬೇಕು? ಮುಂಜಿಯಾದ ಎರಡು ಬಗೆಯ ಹುಡುಗರೂ ಯಾವ ಮುಂಜಿಯೂ ಆಗದ ಉಳಿದವರೂ ಒಂದೇ ಬೆಂಚಿನ ಮೇಲೆ ಕುಳಿತಿರುವ ಹೊತ್ತಿನಲ್ಲಿ ಆ ಪುಟಗಳನ್ನು ಗಟ್ಟಿಯಾಗಿ ಓದಿಸಿದರೆ ಒಂದು ತಾಸು ಬೇಕಾದೀತು. ಅದಕ್ಕೆ ಯಾರ ಅಪ್ಪಣೆಯೂ ಬೇಡ; ಪಾಠ ಪುಸ್ತಕದಲ್ಲಿಯೇ ಇದೆ.